ನೋಡುವವನ ಸಿಟ್ಟು

ಸಿಟ್ಟು ಬಾರದವನು ಗಂಡಸೇ ಅಲ್ಲವೆಂದು ನಮ್ಮ ಸೀಮೆಯಲ್ಲಿ ಹೇಳುವದುಂಟು. ಈ ಮಾತನ್ನು ನಾವೂ ಬಹುಕಾಲ ನಿಜವೆಂದು ಎಣಿಸಿದ್ದೆವು. ಆದರೆ 2023ನೇ ಇಸವಿ ನವಂಬರ 19ನೇ ತಾರೀಖು ಆದಿತ್ಯವಾರ ರಾತ್ರಿ ದುಮ್ಮವಾಡದಲ್ಲಿ ಅದರ ಬೆಲೆಯು ನಮಗೆ ತಿಳಿದು ಬಂತು. ಆ ದಿನ ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟಿನ ಕೊನೆಯ ಪಂದ್ಯವಿತ್ತು. ಸಾಲಾಗಿ ಹತ್ತು ಪಂದ್ಯಗಳನ್ನು ಗೆದ್ದಿದ್ದ ಭಾರತದವರು ಆಸ್ಟ್ರೇಲಿಯದವರಿಗೆ ಆರು ವಿಕೆಟುಗಳಿಂದ ಸೋತರು. ನೆರೆಮನೆಯ ಪಡಸಾಲೆಯಲ್ಲಿ ಟೀವಿಯ ಮುಂದೆ ಕೂತಿದ್ದ ನಾವು ಹಲ್ಲು ಕಡಿಯುತ್ತ ಮನೆಗೆ ಬಂದೆವು. ನಮ್ಮ ಚಿಕ್ಕ ಮಗನು, "ಅಪ್ಪಾ, ಯಾರು ಗೆದ್ದರು?" ಎಂದು ಕೇಳಿದನು. ನಾವು ಕೈ ಎತ್ತಿದೆವು. ಏಟು ಬೀಳಲಿಲ್ಲ, ಆದರೂ ಹುಡುಗನು ತಾಯಿಯ ಸೆರಗಿನ ಹಿಂದೆ ಅಡಗಿಕೊಂಡನು. ನಾವು ಚೆಂಡನ್ನು ಮುಟ್ಟಿದವರಲ್ಲ, ಅವನೂ ಮುಟ್ಟಿದವನಲ್ಲ. ಹೀಗಿರಲಾಗಿ ಆ ಸಿಟ್ಟು ಎಲ್ಲಿಂದ ಬಂತು?

ಜಾತ್ರೆಯ ಕುಸ್ತಿಯನ್ನು ನೋಡಿದವರು ಇದನ್ನು ಗ್ರಹಿಸಬಲ್ಲರು. ಪೈಲವಾನನು ಕಣದ ಮಣ್ಣನ್ನು ಮುಟ್ಟಿ ಒಳಗೆ ಇಳಿಯುತ್ತಾನೆ, ಎದುರಾಳಿಗೆ ಕೈ ಕೊಡುತ್ತಾನೆ, ತನ್ನ ಬಲವನ್ನೆಲ್ಲಾ ಸುರಿಯುತ್ತಾನೆ. ಬೆನ್ನು ಮಣ್ಣಿಗೆ ತಾಕಿದರೆ ಆಟವು ತೀರಿತು. ಅವನ ರೋಷಕ್ಕೆ ಕಟ್ಟಳೆಯುಂಟು, ಬೆವರುಂಟು, ಕೊನೆಯೂ ಉಂಟು. ಕಣದ ಹೊರಗೆ ನಿಂತು ಕೂಗುವವನಿಗೆ ಇವುಗಳಲ್ಲಿ ಒಂದೂ ಇಲ್ಲ. ಅವನು ಗೆಲುವನ್ನು ಸಾಲವಾಗಿ ತಂದು ತನ್ನದೆನ್ನುತ್ತಾನೆ. ಸೋಲು ಬಂದಾಗ ಅದನ್ನು ತೀರಿಸುವ ಬಗೆಯನ್ನು ಅರಿಯನು. ಆದದರಿಂದ ಅವನ ಸಿಟ್ಟು ದಾರಿ ತಪ್ಪಿ ನಡೆಯುತ್ತದೆ.

1996ನೇ ಮಾರ್ಚ್ 13ರಂದು ಕಲಕತ್ತೆಯಲ್ಲಿ ಶ್ರೀಲಂಕೆಯವರ ಎದುರು ಭಾರತದವರು 252 ರನ್ನುಗಳನ್ನು ಬೆನ್ನಟ್ಟಿ, 120 ಆಗುವಷ್ಟರಲ್ಲಿ ಎಂಟು ವಿಕೆಟುಗಳನ್ನು ಕಳಕೊಂಡಿದ್ದರು. ಜನರು ಬಾಟಲಿಗಳನ್ನು ಎಸೆದರು, ತಾವು ಕೂತ ಸ್ಥಳಕ್ಕೇ ಬೆಂಕಿ ಇಟ್ಟರು. ಪಂದ್ಯವು ನಿಂತುಹೋಗಿ ಜಯವು ಶ್ರೀಲಂಕೆಯವರ ಪಾಲಾಯಿತು. ತಮ್ಮವರ ಮೇಲಿನ ಪ್ರೀತಿಯಿಂದ ಇದನ್ನು ಮಾಡಿದೆವೆಂದು ಆ ಜನರು ಹೇಳಬಹುದು. ಆದರೆ ಉಳಿದಿದ್ದ ಆಟಗಾರರಿಗೆ ಆಡುವ ಅವಕಾಶವನ್ನೂ ಆ ಪ್ರೀತಿಯು ಕೊಡಲಿಲ್ಲ.

ಮೈದಾನದ ಬೆಂಕಿಯನ್ನು ಎಲ್ಲರೂ ಕಾಣುತ್ತಾರೆ. ಮನೆಯೊಳಗಿನದನ್ನು ಯಾರೂ ಕಾಣರು. ಇಂಗ್ಲಂಡಿನ ಲ್ಯಾಂಕಾಶೈರ್ ಸೀಮೆಯಲ್ಲಿ 2002, 2006, 2010ರ ಕಾಲ್ಚೆಂಡಿನ ವಿಶ್ವಕಪ್ ದಿನಗಳ ಪೊಲೀಸ್ ದಾಖಲೆಗಳನ್ನು ವಿದ್ವಾಂಸರು ಪರೀಕ್ಷಿಸಿದರು. ಇಂಗ್ಲಂಡಿನವರು ಸೋತ ದಿನಗಳಲ್ಲಿ ಮನೆಯವರನ್ನು ಹಿಂಸಿಸಿದ ದೂರುಗಳು ನೂರಕ್ಕೆ 38ರಷ್ಟು ಹೆಚ್ಚಿದ್ದವು. ಗೆದ್ದ ಇಲ್ಲವೆ ಸಮವಾದ ದಿನಗಳಲ್ಲಿಯೂ ನೂರಕ್ಕೆ 26ರಷ್ಟು ಹೆಚ್ಚಿದ್ದವು. ಗೆದ್ದರೂ ಸೋತರೂ ಹೆಂಡತಿ ಮಕ್ಕಳೇ ಪೆಟ್ಟು ತಿನ್ನುವದಾದರೆ, ಸೋಲಿನ ದುಃಖವೇ ಇದಕ್ಕೆ ಕಾರಣವೆಂದು ಹೇಗೆ ಹೇಳೋಣ? ತಿರುಗಿ ಹೊಡೆಯಲಾರದವರ ಮೇಲೆ ಕೈ ಮಾಡುವದನ್ನು ಗಂಡಸುತನವೆಂದು ಎಣಿಸುವದೇ ಇದರ ಬೇರು.

ಹಾಗಾದರೆ ಗಂಡಸುತನ ಯಾವದು? ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲಂಡಿನ ಎದುರು ಭಾರತ ತಂಡದ ನಾಯಕರಾಗಿದ್ದರು. ಇಂಗ್ಲಂಡಿನ ಐದು ಮಂದಿ 58 ರನ್ನುಗಳೊಳಗೆ ಔಟಾದ ಮೇಲೆ ಬಾಬ್ ಟೇಲರ್ ಎಂಬವರು ಆಡಲು ಬಂದರು. ಅಂಪಾಯರನು ಅವರನ್ನು ಔಟೆಂದನು. ಚೆಂಡು ಬ್ಯಾಟಿಗೆ ತಾಕಲಿಲ್ಲವೆಂದು ಕಂಡ ವಿಶ್ವನಾಥರು ಅವರನ್ನು ಮರಳಿ ಕರೆದು ಆಡಿಸಿದರು. ಟೇಲರರು ಬೋಥಮರ ಸಂಗಡ ನಿಂತು ಆಟವನ್ನು ಬೆಳಿಸಿದರು. ಭಾರತವು ಹತ್ತು ವಿಕೆಟುಗಳಿಂದ ಸೋತಿತು. ಕೈಯಲ್ಲಿದ್ದ ಲಾಭವನ್ನು ನ್ಯಾಯಕ್ಕಾಗಿ ಬಿಟ್ಟು, ಅದರಿಂದಾದ ಸೋಲನ್ನು ಹೊತ್ತವನು ಬಲಹೀನನೋ? ನಮಗಂತೂ ಹಾಗೆ ತೋರುವದಿಲ್ಲ.

ಪ್ರಿಯ ಓದುಗರೇ, ಆಟವನ್ನು ನೋಡಬೇಡಿರೆಂದು ನಾವು ಹೇಳುವದಿಲ್ಲ, ನಾವೂ ನೋಡುತ್ತೇವೆ. ಪೈಲವಾನನಿಗೆ ಕಣದ ಅಂಚು ಹೇಗೋ, ನೋಡುವವನಿಗೆ ಮನೆಯ ಹೊಸ್ತಿಲು ಹಾಗೆಯೇ ಇರಲಿ. ಪಂದ್ಯದ ಬಿಸಿಯು ಅದನ್ನು ದಾಟಬಾರದು. ಮನಸ್ಸು ಆರುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರೆ ಯಾರಿಗೂ ನಷ್ಟವಿಲ್ಲ.

ಮರುದಿನ ಮುಂಜಾನೆ ನಾವು ಮಗನನ್ನು ಹತ್ತಿರ ಕರೆದು, "ಆಸ್ಟ್ರೇಲಿಯದವರು ಗೆದ್ದರಪ್ಪಾ, ಚೆನ್ನಾಗಿ ಆಡಿದರು, ನಿನ್ನ ಮೇಲೆ ಕೈ ಎತ್ತಿದ್ದು ನಮ್ಮ ತಪ್ಪು" ಎಂದೆವು. ಈ ಎರಡು ಮಾತುಗಳಿಗೆ ಬೇಕಾದ ಧೈರ್ಯವು ಕೈ ಎತ್ತುವದಕ್ಕೆ ಬೇಕಾಗಿದ್ದಿಲ್ಲ.