ಹಗೆಯಿಲ್ಲದ ಸ್ಮರಣೆ: ಫಿಲೊಮೆನಾ ಫ್ರಾನ್ಜ್ ಮತ್ತು ಸಿಂತಿ ಜನರ ಸಾಕ್ಷ್ಯ

ಕೊಲೆಯಾದವರನ್ನು ನೆನೆಯುವಾಗ ಕೊಂದವರೂ ನೆನಪಿಗೆ ಬಂದೇ ಬರುತ್ತಾರೆ. ಹಾಗೆ ನೆನೆಯುತ್ತಲೇ ಹಗೆಯನ್ನು ಬಿಡುವುದು ಸಾಧ್ಯವೇ, ಸಾಧ್ಯವಾದರೂ ಅದು ಸತ್ತವರಿಗೆ ಬಗೆದ ದ್ರೋಹವಾಗುವುದಿಲ್ಲವೇ ಎಂಬ ಪ್ರಶ್ನೆ ಧರ್ಮಚಿಂತನೆಗೂ ನೀತಿಶಾಸ್ತ್ರಕ್ಕೂ ಸಮಾನವಾಗಿ ಸೇರಿದ್ದು. ನಾಜಿ ಆಳ್ವಿಕೆಯ ನರಮೇಧದ ನಂತರ ಯುರೋಪಿನ ಹಲವು ತತ್ತ್ವಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರಾದರೂ, ಅದೇ ಆಳ್ವಿಕೆಗೆ ಬಲಿಯಾದ ಸಿಂತಿ ಮತ್ತು ರೋಮಾ ಜನರು ಇದಕ್ಕೆ ಕೊಟ್ಟ ಉತ್ತರಗಳು ಬಹುಕಾಲ ಹೊರಗಿನವರ ಕಿವಿಗೆ ಬೀಳಲಿಲ್ಲ. ಆಶ್‌ವಿಟ್ಜ್‌ನಿಂದ ಬದುಕಿ ಬಂದ ಜರ್ಮನ್ ಸಿಂತಿ ಲೇಖಕಿ ಫಿಲೊಮೆನಾ ಫ್ರಾನ್ಜ್ (1922–2022) ಅವರ ಬದುಕು ಮತ್ತು ಬರಹಗಳು ಅಂಥ ಉತ್ತರಗಳಲ್ಲೊಂದು. ಹಗೆಯನ್ನು ತೊರೆಯುವುದು ಬದುಕುಳಿದವರ ಸ್ವಂತ ಸ್ವಾತಂತ್ರ್ಯವೆಂದೂ, ಅದು ಸತ್ತವರ ಪರವಾಗಿ ಕೊಡುವ ಕ್ಷಮೆಯಲ್ಲವೆಂದೂ, ನಡೆದದ್ದನ್ನು ಪೂರ್ತಿಯಾಗಿ ಹೇಳಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆಂದೂ ಅವರ ಬದುಕಿನಿಂದ ತಿಳಿದುಬರುತ್ತದೆ.

ಸಿಂತಿಗಳು ರೋಮಾನಿ ಜನಸಮುದಾಯದ ಒಂದು ಶಾಖೆ. ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೊರಟವರ ವಂಶಸ್ಥರಾದ ಇವರು ಇಂಡೋ-ಆರ್ಯ ಗುಂಪಿಗೆ ಸೇರಿದ ರೋಮಾನಿ ಭಾಷೆಯನ್ನಾಡುತ್ತ, ಹದಿನೈದನೆಯ ಶತಮಾನದ ಆರಂಭದಿಂದಲೇ ಜರ್ಮನ್ ನಾಡುಗಳಲ್ಲಿ ಬಾಳಿದ್ದಾರೆ. ಫ್ರಾನ್ಜ್ ಹುಟ್ಟಿದ್ದು ದಕ್ಷಿಣ ಜರ್ಮನಿಯ ಬೀಬೆರಾಖ್ ಪಟ್ಟಣದ ಒಂದು ಸಂಗೀತಗಾರರ ಮನೆತನದಲ್ಲಿ. ಊರೂರು ಸುತ್ತಿ ಕಛೇರಿ ನಡೆಸುತ್ತಿದ್ದ ಆ ಕುಟುಂಬದಲ್ಲಿ ಅವರೂ ಎಳವೆಯಲ್ಲೇ ಹಾಡುತ್ತ ಕುಣಿಯುತ್ತ ವೇದಿಕೆಯೇರಿದರು. 1938ರಲ್ಲಿ ಸ್ಟುಟ್‌ಗಾರ್ಟ್‌ನ ಶಾಲೆಯಿಂದ ಅವರನ್ನು ಹೊರಹಾಕಲಾಯಿತು. ಆಮೇಲೆ ಕುಟುಂಬದ ವಾದ್ಯಗಳು ಜಪ್ತಿಯಾದವು, ಕಾರ್ಖಾನೆಯಲ್ಲಿ ಬಲವಂತದ ದುಡಿಮೆ ಪಾಲಿಗೆ ಬಂತು. 1943ರಲ್ಲಿ ಬಂಧನಕ್ಕೊಳಗಾಗಿ ಆಶ್‌ವಿಟ್ಜ್ ಸೇರಿದ ಅವರನ್ನು ಮುಂದಿನ ವರ್ಷ ರಾವೆನ್ಸ್‌ಬ್ರೂಕ್ ಮಹಿಳಾ ಶಿಬಿರಕ್ಕೆ ಸಾಗಿಸಲಾಯಿತು. 1945ರಲ್ಲಿ ಅವರು ತಪ್ಪಿಸಿಕೊಂಡು ಉಳಿದರು, ಆದರೆ ತಂದೆ ತಾಯಿ ಮತ್ತು ಒಡಹುಟ್ಟಿದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಈ ಕುಟುಂಬದ ನಾಶವು ಒಂದು ವ್ಯವಸ್ಥಿತ ಕಾರ್ಯದ ಭಾಗವಾಗಿತ್ತು, ಮತ್ತು ಆ ಕಾರ್ಯ ಆರಂಭವಾದದ್ದು ಬರಹದಿಂದಲೇ ಎಂಬುದು ಮುಂದಿನ ಚರ್ಚೆಗೆ ಮುಖ್ಯ. 1936ರಿಂದ ಮನೋವೈದ್ಯ ರಾಬರ್ಟ್ ರಿಟ್ಟರ್ ನೇತೃತ್ವದ ಸರ್ಕಾರಿ ಘಟಕವೊಂದು ‘ಜನಾಂಗ ನೈರ್ಮಲ್ಯ’ದ ಹೆಸರಿನಲ್ಲಿ, ಅಂದರೆ ಕೆಲವು ಜನಾಂಗಗಳ ರಕ್ತವೇ ದೋಷಪೂರಿತವೆಂಬ ಹುಸಿ ವಿಜ್ಞಾನದ ಆಧಾರದ ಮೇಲೆ, ಸಿಂತಿ ಮತ್ತು ರೋಮಾ ಜನರ ವಂಶಾವಳಿಗಳನ್ನು ಕಲೆಹಾಕಿ ಸುಮಾರು 24,000 ಮಂದಿಯ ಬಗ್ಗೆ ವರದಿ ಬರೆಯಿತು. ರಿಟ್ಟರ್ ಅವರ ಸಹಾಯಕಿ ಏವಾ ಯುಸ್ಟಿನ್ ರೋಮಾನಿ ಭಾಷೆಯನ್ನು ಕಲಿತು, ಮನೆಯವರ ವಿಶ್ವಾಸ ಗಳಿಸಿ, ನಂಟರಿಷ್ಟರ ಹೆಸರುಗಳನ್ನು ಕೇಳಿ ಬರೆದುಕೊಂಡರು. ಚರ್ಚುಗಳ ದೀಕ್ಷಾಸ್ನಾನದ ದಾಖಲೆಗಳೂ ಈ ಕೆಲಸಕ್ಕೆ ಒದಗಿದವು. 1942ರ ಡಿಸೆಂಬರ್ 16ರಂದು ನಾಜಿ ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥ ಹಿಮ್ಲರ್ ಹೊರಡಿಸಿದ ಆದೇಶದಂತೆ ಸುಮಾರು 23,000 ಮಂದಿಯನ್ನು ಆಶ್‌ವಿಟ್ಜ್-ಬಿರ್ಕೆನೌನ ಪ್ರತ್ಯೇಕ ಭಾಗವೊಂದಕ್ಕೆ ಕುಟುಂಬಸಮೇತ ಸಾಗಿಸಿದಾಗ, ಯಾರನ್ನು ಹಿಡಿಯಬೇಕೆಂಬುದನ್ನು ಈ ವರದಿಗಳೇ ತೋರಿಸಿಕೊಟ್ಟವು. ಹಸಿವು, ರೋಗ ಮತ್ತು ವಿಷಾನಿಲಗಳಿಗೆ ತುತ್ತಾಗಿ ಅವರಲ್ಲಿ ಬಹುಪಾಲು ಜನ ಸತ್ತರು. 1944ರ ಆಗಸ್ಟ್ 2ರ ರಾತ್ರಿ ಅಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ಮಕ್ಕಳು, ಮುದುಕರು ಮತ್ತು ರೋಗಿಗಳನ್ನು, ಒಂದೇ ಬಾರಿಗೆ ಕೊಲ್ಲಲಾಯಿತು. ಯುರೋಪಿನಾದ್ಯಂತ ಸತ್ತ ರೋಮಾನಿ ಜನರ ಸಂಖ್ಯೆಯನ್ನು ಇತಿಹಾಸಕಾರರು 2 ಲಕ್ಷದಿಂದ 5 ಲಕ್ಷದವರೆಗೆ ಅಂದಾಜಿಸುತ್ತಾರೆ.

ಯುದ್ಧ ಮುಗಿದ ಮೇಲೆ ಈ ಜನರನ್ನು ಆವರಿಸಿದ ಮೌನಕ್ಕೆ ಮೂರು ಮೂಲಗಳಿದ್ದವು. ಮೊದಲನೆಯದು ಧಾರ್ಮಿಕವಾದದ್ದು. ಹಲವು ಸಿಂತಿ ಕುಟುಂಬಗಳಲ್ಲಿ ಸತ್ತವರ ಹೆಸರನ್ನು ಸುಲಭಕ್ಕೆ ಎತ್ತುವುದಿಲ್ಲ. ಅವರು ಬಳಸಿದ ವಸ್ತುಗಳನ್ನು ಸುಡುವುದು ಅಥವಾ ಯಾರೂ ಮುಟ್ಟದಂತೆ ಇಡುವುದು, ಅವರಿಗೆ ಪ್ರಿಯವಾಗಿದ್ದ ಆಹಾರವನ್ನು ತೊರೆಯುವುದು ಗೌರವದ ರೂಪಗಳು. ಫ್ರೆಂಚ್ ಮಾನವಶಾಸ್ತ್ರಜ್ಞ ಪ್ಯಾಟ್ರಿಕ್ ವಿಲಿಯಮ್ಸ್ ಅವರು ಸಿಂತಿಗಳ ಹತ್ತಿರದ ಬಂಧುಗಳಾದ ಮಧ್ಯ ಫ್ರಾನ್ಸಿನ ಮಾನುಶ್ ಜನರ ನಡುವೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಮೌನ ಮರೆವಿನ ಗುರುತಲ್ಲವೆಂದು, ಸತ್ತವರ ಬಗೆಗಿನ ಒಂದು ಮಾತೂ ತಪ್ಪಾಗಬಾರದೆಂಬ ಎಚ್ಚರವೇ ಅದರ ಹಿಂದಿದೆಯೆಂದು ಬಿಡಿಸಿ ಹೇಳುತ್ತದೆ. ಹೇಳದಿರುವುದೇ ಇಲ್ಲಿ ನೆನೆಯುವ ಬಗೆಯಾಗುತ್ತದೆ.

ಎರಡನೆಯ ಮೂಲ ಭಯ. ಹೊರಗಿನವರ ಮುಂದೆ ತಮ್ಮವರ ಹೆಸರು ಹೇಳಿದ್ದೇ ತಮ್ಮವರ ಸಾವಿಗೆ ದಾರಿಯಾದ ಮೇಲೆ, ಕೇಳುವವರ ಕೈಯಲ್ಲಿ ಪುಸ್ತಕ ಮತ್ತು ಲೇಖನಿ ಕಂಡರೆ ಬಾಯಿ ಕಟ್ಟುವುದು ಸಹಜವಾಗಿತ್ತು. ಅಲ್ಲದೆ ನಾಜಿ ಕಾಲದ ಕಡತಗಳು ಬವೇರಿಯಾದ ಪೊಲೀಸರ ಕೈಯಲ್ಲಿ ಯುದ್ಧಾನಂತರವೂ ಬಳಕೆಯಲ್ಲಿದ್ದವು. ಮೂರನೆಯದು ಪ್ರಭುತ್ವದ ನಿರಾಕರಣೆ. 1956ರ ಜನವರಿ 7ರಂದು ಪಶ್ಚಿಮ ಜರ್ಮನಿಯ ಫೆಡರಲ್ ನ್ಯಾಯಾಲಯವು 1943ರ ಮಾರ್ಚ್‌ಗಿಂತ ಹಿಂದಿನ ಕ್ರಮಗಳು ಜನಾಂಗೀಯ ಕಿರುಕುಳವಲ್ಲ, ಅಪರಾಧ ತಡೆಯುವ ಕ್ರಮಗಳು ಎಂದು ತೀರ್ಪಿತ್ತು, ಅವುಗಳಿಗೆ ಬಲಿಯಾದವರಿಗೆ ಪರಿಹಾರ ಸಿಗದಂತೆ ಮಾಡಿತು. ಕೊಲೆಗಾರರ ವಾದವನ್ನೇ ನ್ಯಾಯದ ಭಾಷೆಯಲ್ಲಿ ಮರಳಿ ನುಡಿದ ಈ ತೀರ್ಪನ್ನು 1963ರಲ್ಲಿ ಭಾಗಶಃ ಸಡಿಲಿಸಲಾಯಿತು. ರಿಟ್ಟರ್ ಮತ್ತು ಯುಸ್ಟಿನ್ ಇಬ್ಬರೂ ಫ್ರಾಂಕ್‌ಫರ್ಟ್ ನಗರದ ಸೇವೆಯಲ್ಲಿ ಕೆಲಸ ಪಡೆದರು, ಇಬ್ಬರಿಗೂ ಶಿಕ್ಷೆಯಾಗಲಿಲ್ಲ.

ಈ ಮೂರು ಮೌನಗಳನ್ನು ಫ್ರಾನ್ಜ್ ಮುರಿದ ರೀತಿಯಲ್ಲೇ ಅವರ ವಿಚಾರದ ಹುರುಳಿದೆ. ತಮ್ಮ ಮಗುವನ್ನು ಶಾಲೆಯಲ್ಲಿ ಸಹಪಾಠಿಗಳು ಜಾತಿನಿಂದೆಯ ಮಾತಿನಿಂದ ಹೀಗಳೆದಾಗ ಅವರು ಶಾಲೆಗೆ ಹೋಗಿ ಮಕ್ಕಳಿಗೆ ತಮ್ಮ ಜನರ ಕಥೆಗಳನ್ನು ಹೇಳತೊಡಗಿದರು. ಆ ಕಥೆಗಳ ಸಂಕಲನ 1982ರಲ್ಲಿ ಪ್ರಕಟವಾಯಿತು. ಶಿಬಿರದ ಅನುಭವಗಳನ್ನೊಳಗೊಂಡ ಆತ್ಮಕಥೆ ಹೊರಬಂದದ್ದು ಅದಾದ ಮೂರು ವರ್ಷಗಳ ನಂತರ, 1985ರಲ್ಲಿ, ಮತ್ತು ಜರ್ಮನ್ ಸಿಂತಿಗಳು ಸ್ವತಃ ಬರೆದ ಮೊದಲ ಸಾಕ್ಷ್ಯಗಳ ಸಾಲಿಗೆ ಅದು ಸೇರುತ್ತದೆ. ಈ ಕ್ರಮಕ್ಕೆ ಒಂದು ಅರ್ಥವಿದೆ. ರಿಟ್ಟರ್ ಘಟಕದ ಕಡತಗಳು ಮನುಷ್ಯರನ್ನು ಅಳತೆ, ಅಂಕಿ ಮತ್ತು ವಂಶವೃಕ್ಷದ ಕೊಂಬೆಗಳಾಗಿ ಬರೆದಿಟ್ಟಿದ್ದವು. ಶಿಬಿರ ಅವರ ತೋಳಿನ ಮೇಲೆ ಸಂಖ್ಯೆಯನ್ನು ಹಚ್ಚೆ ಹಾಕಿತ್ತು. ಹಾಗಿರುವಾಗ ಸಾವಿನ ಕಥನವನ್ನೇ ಮೊದಲು ಕೇಳಿದವರಿಗೆ ಈ ಜನರು ಕೊಲೆಯಾದವರಾಗಿ ಮಾತ್ರ ಕಾಣುವ ಅಪಾಯವಿತ್ತು. ಅವರ ಹಾಡು, ಕಲ್ಪನೆ ಮತ್ತು ಸಂಸಾರಸುಖಗಳನ್ನು ಮೊದಲು ತಿಳಿದವರಿಗೆ ಮಾತ್ರ ಕಳೆದುಹೋದದ್ದು ಏನೆಂಬುದು ಅರಿವಾಗುತ್ತದೆ. ಬದುಕನ್ನು ತಿಳಿಸದೆ ಸಾವನ್ನು ಮಾತ್ರ ತಿಳಿಸುವ ಸ್ಮರಣೆ ಕೊಂದವರ ದೃಷ್ಟಿಯನ್ನೇ ಮುಂದುವರಿಸಿದಂತಾಗುತ್ತದೆ.

ಹಗೆಯು ಹಗೆಯನ್ನು ಹೊತ್ತವರನ್ನೇ ಸೋಲಿಸುತ್ತದೆ, ಪ್ರೀತಿಯು ಪ್ರೀತಿಸುವವರನ್ನು ಸಂಪನ್ನಗೊಳಿಸುತ್ತದೆ ಎಂಬುದು ಫ್ರಾನ್ಜ್ ಬದುಕಿನುದ್ದಕ್ಕೂ ಸಾರಿದ ನಿಲುವು. ಇದಕ್ಕೆ ಎದುರಾಗಿ ಎರಡು ಗಂಭೀರ ಆಕ್ಷೇಪಗಳನ್ನು ಎತ್ತಬಹುದು. ಆಶ್‌ವಿಟ್ಜ್‌ನಿಂದ ಬದುಕಿ ಬಂದ ಚಿಂತಕ ಜಾನ್ ಅಮೇರಿ 1966ರ ತಮ್ಮ ಪ್ರಬಂಧ ಸಂಕಲನದಲ್ಲಿ, ನೊಂದವರ ಒಳಗುದಿಯನ್ನು ಕಾಯಿಲೆಯೆಂದು ಕಾಣುವುದನ್ನು ವಿರೋಧಿಸಿ, ಕಾಲವೇ ಎಲ್ಲವನ್ನೂ ಮಾಯಿಸುತ್ತದೆಂಬ ಸಮಾಜದ ಸಮಾಧಾನಕ್ಕೆ ಮಣಿಯದಿರುವುದು ನೈತಿಕವಾದ ಹಟವೆಂದು ಸಮರ್ಥಿಸಿದರು. ಫ್ರೆಂಚ್ ತತ್ತ್ವಜ್ಞಾನಿ ವ್ಲಾದಿಮಿರ್ ಯಾಂಕೆಲೆವಿಚ್ ಇನ್ನೂ ಮುಂದೆ ಹೋಗಿ, ಕೊಲೆಯಾದವರ ಪರವಾಗಿ ಕ್ಷಮಿಸುವ ಅಧಿಕಾರ ಉಳಿದವರಿಗಿಲ್ಲವೆಂದೂ, ಕೊಂದವರು ಕ್ಷಮೆಯನ್ನು ಕೇಳಿಯೇ ಇಲ್ಲದಿರುವಾಗ ಅದನ್ನು ಕೊಡುವ ಮಾತು ಹುಟ್ಟುವುದಿಲ್ಲವೆಂದೂ ವಾದಿಸಿದರು. ಸಿಂತಿಗಳ ಮಟ್ಟಿಗೆ ಈ ಎರಡನೆಯ ಮಾತು ಅಕ್ಷರಶಃ ನಿಜ, ಏಕೆಂದರೆ ಕಡತಗಳನ್ನು ಬರೆದವರು ಯಾರ ಬಾಗಿಲಿಗೂ ಪಶ್ಚಾತ್ತಾಪವನ್ನು ಹೊತ್ತು ಬರಲಿಲ್ಲ.

ಆದರೆ ಈ ಆಕ್ಷೇಪಗಳು ತಾಗುವುದು ಕ್ಷಮೆಗೆ. ಫ್ರಾನ್ಜ್ ಆರಿಸಿಕೊಂಡದ್ದು ಹಗೆಯ ತ್ಯಾಗವನ್ನು. ಕ್ಷಮೆಯು ಇಬ್ಬರ ನಡುವಿನ ವ್ಯವಹಾರ: ತಪ್ಪು ಮಾಡಿದವರು ಕೇಳಬೇಕು, ತಪ್ಪಿಗೆ ಗುರಿಯಾದವರು ಕೊಡಬೇಕು. ಹಗೆಯನ್ನು ಬಿಡುವುದಕ್ಕೆ ಎದುರಿನವರ ಒಪ್ಪಿಗೆ ಬೇಕಿಲ್ಲ, ಅದರಿಂದ ಎದುರಿನವರ ಋಣವೂ ತೀರುವುದಿಲ್ಲ. ಇಸ್ರೇಲಿನ ತತ್ತ್ವಜ್ಞಾನಿ ಅವಿಶಾಯ್ ಮಾರ್ಗಲಿತ್ 2002ರ ತಮ್ಮ ಗ್ರಂಥದಲ್ಲಿ ತಪ್ಪನ್ನು ಅಳಿಸಿಹಾಕುವುದಕ್ಕೂ ತಪ್ಪು ನೆನಪಿನಲ್ಲಿ ಉಳಿದಿದ್ದರೂ ಅದರ ಮೇಲೆ ತನ್ನ ನಡೆಯನ್ನು ನಿಲ್ಲಿಸದಿರುವುದಕ್ಕೂ ವ್ಯತ್ಯಾಸ ತೋರಿಸಿದ್ದಾರೆ. ಎರಡನೆಯದಕ್ಕೆ ಮರೆವು ಬೇಕಾಗಿಲ್ಲ, ಬದಲಿಗೆ ನೆನಪು ಸ್ಪಷ್ಟವಾಗಿದ್ದಷ್ಟೂ ಆ ನಿರ್ಧಾರಕ್ಕೆ ತೂಕ ಹೆಚ್ಚುತ್ತದೆ. ಈ ದೃಷ್ಟಿಯಿಂದ ನೋಡಿದರೆ ಅಮೇರಿ ಮತ್ತು ಫ್ರಾನ್ಜ್ ಒಬ್ಬರಿಗೊಬ್ಬರು ವಿರೋಧಿಗಳಾಗಿ ಉಳಿಯುವುದಿಲ್ಲ. ನಡೆದದ್ದನ್ನು ನಡೆಯಲೇ ಇಲ್ಲವೆಂಬಂತೆ ಬದುಕುವ ಸಮಾಜಕ್ಕೆ ಇಬ್ಬರೂ ತಲೆಬಾಗಲಿಲ್ಲ: ಅಮೇರಿ ತಮ್ಮ ಕುದಿಯನ್ನು ಕಾಪಾಡಿಕೊಂಡು ಪ್ರತಿಭಟಿಸಿದರೆ, ಫ್ರಾನ್ಜ್ ಕೊಂದವರ ಮೊಮ್ಮಕ್ಕಳ ಎದುರಿಗೆ ದಶಕಗಳ ಕಾಲ ಕುಳಿತು ಎಲ್ಲವನ್ನೂ ಹೇಳಿ ಪ್ರತಿಭಟಿಸಿದರು. ಹಗೆಯು ಮಾತನ್ನು ಆಪಾದನೆಯಲ್ಲಿ ಮುಗಿಸಿಬಿಡಬಹುದು. ಕೇಳುವ ಮಗುವಿಗೆ ಆಪಾದನೆಗಿಂತ ಹೆಚ್ಚಿನದನ್ನು ಕೊಡಬೇಕೆಂಬ ಕಾಳಜಿಯೇ ಅವರ ಪ್ರೀತಿಯ ಕಾರ್ಯರೂಪ.

ಈ ನಿಲುವಿನ ಹಿಂದೆ ಕ್ರೈಸ್ತ ಶ್ರದ್ಧೆಯೂ ಇತ್ತು. ಆದ್ದರಿಂದ ಚರ್ಚಿನ ನಡೆಯನ್ನು ಇಲ್ಲಿ ಪರಿಶೀಲಿಸದೆ ಮುಂದೆ ಹೋಗಲಾಗದು. ಜರ್ಮನ್ ಸಿಂತಿಗಳಲ್ಲಿ ಹಲವರು ಕ್ಯಾಥೊಲಿಕರಾಗಿದ್ದರು. 1943ರ ವಸಂತದಲ್ಲಿ ಆಸ್ಕರ್ ರೋಸೆ ಎಂಬ ಸಿಂತಿ ತಮ್ಮ ಜನರಿಗಾಗಿ ಮೊರೆಯಿಡಲು ಮ್ಯೂನಿಕ್‌ನ ಕಾರ್ಡಿನಲ್ ಫೌಲ್ಹಾಬರ್ ಅವರ ಬಾಗಿಲಿಗೆ ಹೋದಾಗ ನೆರವು ದೊರೆಯಲಿಲ್ಲ. ಮುಲ್ಫಿಂಗೆನ್‌ನ ಕ್ಯಾಥೊಲಿಕ್ ಅನಾಥಾಲಯದಲ್ಲಿದ್ದ ಸಿಂತಿ ಮಕ್ಕಳು ಯುಸ್ಟಿನ್ ಅವರ ಡಾಕ್ಟರೇಟ್ ಪ್ರಬಂಧಕ್ಕೆ ವಸ್ತುವಾಗಿ, ಅದರ ಕೆಲಸ ಮುಗಿಯುವವರೆಗೆ ಉಳಿದು, 1944ರ ಮೇ ತಿಂಗಳಲ್ಲಿ ಆಶ್‌ವಿಟ್ಜ್‌ಗೆ ಕಳುಹಿಸಲ್ಪಟ್ಟರು. ಸುಮಾರು 40 ಮಕ್ಕಳಲ್ಲಿ ನಾಲ್ವರು ಮಾತ್ರ ಬದುಕಿದರು. ಶತ್ರುವನ್ನೂ ಪ್ರೀತಿಸಬೇಕೆಂದು ಬೋಧಿಸುವ ಸಂಸ್ಥೆ ತನ್ನದೇ ದೀಕ್ಷೆ ಪಡೆದ ಮಕ್ಕಳನ್ನು ಕಾಯಲಾಗದೆ ಹೋದಾಗ, ಆ ಬೋಧನೆಯನ್ನು ನೊಂದವರ ಮುಂದೆ ಮತ್ತೆ ನುಡಿಯುವ ಹಕ್ಕು ಅದಕ್ಕೆ ಪಶ್ಚಾತ್ತಾಪದ ಮೂಲಕವೇ ಬರಬೇಕು. 2019ರ ಜೂನ್ 2ರಂದು ಪೋಪ್ ಫ್ರಾನ್ಸಿಸ್ ರೊಮೇನಿಯಾದ ಬ್ಲಾಜ್ ಪಟ್ಟಣದಲ್ಲಿ ರೋಮಾ ಜನರ ಮುಂದೆ ಚರ್ಚಿನ ಪರವಾಗಿ ಕ್ಷಮೆ ಕೋರಿದ್ದು ಈ ದಿಕ್ಕಿನಲ್ಲಿ ತಡವಾಗಿ ಬಂದ, ಆದರೂ ಬೇಕಾಗಿದ್ದ ಹೆಜ್ಜೆ. ಫ್ರಾನ್ಜ್ ಅವರ ಪ್ರೀತಿಯ ಮಾತಿಗೆ ಬಲ ಬಂದದ್ದು ಅದು ನೋವನ್ನುಂಡವರ ಬಾಯಿಂದ, ಯಾರ ಒತ್ತಾಯವೂ ಇಲ್ಲದೆ ಬಂದುದರಿಂದ. ಅದೇ ಮಾತನ್ನು ಸಂಸ್ಥೆಯೊಂದು ನೊಂದವರಿಂದ ನಿರೀಕ್ಷಿಸಿದರೆ ಅದು ಇನ್ನೊಂದು ಹೇರಿಕೆಯಾಗುತ್ತದೆ.

ಒಬ್ಬ ಲೇಖಕಿಯ ಸಾಕ್ಷ್ಯ ಸಾರ್ವಜನಿಕ ಸ್ಮರಣೆಯಾಗಲು ಅವರ ಜನರ ಹೋರಾಟವೂ ಬೇಕಾಯಿತು. 1980ರ ಈಸ್ಟರ್ ಹಬ್ಬದ ಸಮಯದಲ್ಲಿ, ಕ್ರಿಸ್ತನ ಮರಣವನ್ನು ಸ್ಮರಿಸುವ ಶುಭ ಶುಕ್ರವಾರದಿಂದ ಮೊದಲುಗೊಂಡು, ಆಸ್ಕರ್ ರೋಸೆಯವರ ಮಗ ರೋಮಾನಿ ರೋಸೆಯವರನ್ನೊಳಗೊಂಡ ಸಿಂತಿಗಳ ಗುಂಪೊಂದು ಡಾಖೌ ಶಿಬಿರದ ಸ್ಮಾರಕದಲ್ಲಿ ಉಪವಾಸ ಸತ್ಯಾಗ್ರಹ ಹೂಡಿ, ಪೊಲೀಸರ ಬಳಿಯಿದ್ದ ಹಳೆಯ ಕಡತಗಳ ಲೆಕ್ಕ ಕೇಳಿತು. ಮರುವರ್ಷ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿ ಕುಳಿತು ಪ್ರತಿಭಟಿಸಿದವರು ಜನಾಂಗ ಸಂಶೋಧಕರ ದಾಖಲೆಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಸೇರುವಂತೆ ಮಾಡಿದರು. 1982ರ ಮಾರ್ಚ್ 17ರಂದು ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಈ ಕೊಲೆಗಳನ್ನು ಜನಾಂಗೀಯ ಕಾರಣಗಳಿಗಾಗಿ ನಡೆದ ನರಮೇಧವೆಂದು ಒಪ್ಪಿಕೊಂಡರು. 2012ರಲ್ಲಿ ಬರ್ಲಿನ್‌ನ ಸಂಸತ್ ಭವನದ ಹತ್ತಿರ ಸ್ಮಾರಕ ಅನಾವರಣಗೊಂಡಿತು. 2015ರಲ್ಲಿ ಯುರೋಪಿಯನ್ ಸಂಸತ್ತು ಆಗಸ್ಟ್ 2ನ್ನು ಸ್ಮರಣೆಯ ದಿನವಾಗಿ ಅಂಗೀಕರಿಸಿತು. ಕೊಲೆಗೆ ಸಾಧನವಾಗಿದ್ದ ಕಡತವನ್ನೇ ಕೊಲೆಯ ಸಾಕ್ಷಿಯಾಗಿ ಮಾರ್ಪಡಿಸಿದ ಈ ಹೋರಾಟ, ಸತ್ತವರ ಹೆಸರುಗಳ ಮೇಲಿನ ಒಡೆತನವನ್ನು ಅವರ ಮಕ್ಕಳಿಗೆ ಮರಳಿಸಿತು. ಹೆಸರನ್ನು ಎತ್ತದಿರುವ ಪರಂಪರೆಗೂ ಇದರಿಂದ ಚ್ಯುತಿ ಬರಲಿಲ್ಲ, ಏಕೆಂದರೆ ಎಲ್ಲಿ ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ನಿರ್ಧಾರ ಈಗ ಅವರದೇ ಆಯಿತು.

ಹಗೆಯಿಲ್ಲದ ಸಾಕ್ಷಿಯ ಮಾತು ಕೇಳುವವರ ಆತ್ಮಸಾಕ್ಷಿಯನ್ನು ಅಗ್ಗದಲ್ಲಿ ತಣಿಸುವುದಿಲ್ಲವೇ ಎಂಬ ಕೊನೆಯ ಆತಂಕವೊಂದು ಉಳಿಯುತ್ತದೆ. ಆ ಅಪಾಯ ಇದೆ; ಆದರೆ ಅದು ಹುಟ್ಟುವುದು ಕೇಳುವವರ ಸೋಮಾರಿತನದಲ್ಲಿ. 1995ರಲ್ಲಿ ಫ್ರಾನ್ಜ್ ಅವರಿಗೆ ಜರ್ಮನಿಯ ಗೌರವ ಪದಕ ಸಂದಿತು, ಆದರೆ ಪದಕ ಕೊಟ್ಟ ಸಮಾಜದಲ್ಲಿ ಸಿಂತಿ ಮತ್ತು ರೋಮಾ ಜನರ ಮೇಲಿನ ತಾತ್ಸಾರ ಮಾಯವಾಗಲಿಲ್ಲ. ಸಾಕ್ಷಿ ನುಡಿದವರು ತಮ್ಮ ಹಗೆಯನ್ನು ತೊರೆದು ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಸತ್ತವರಿಗೆ ಸಲ್ಲಬೇಕಾದ ಋಣ ಮಾತ್ರ ಹಾಗೆಯೇ ಉಳಿದಿದೆ, ಮತ್ತು ಅದನ್ನು ಹೊರಬೇಕಾದವರು ಅವರ ವಂಶಸ್ಥರಷ್ಟೇ ಅಲ್ಲ, ಆ ಮಾತನ್ನು ಕೇಳಿದವರೆಲ್ಲರೂ. ನೊಂದವರಿಂದ ಪ್ರೀತಿಯನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಅದು ತಾನಾಗಿ ದೊರೆತಾಗ, ಯಾವ ಜನಾಂಗವನ್ನೂ ಹುಟ್ಟಿನಿಂದ ಅಪರಾಧಿಯೆಂದು ಬರೆಯುವ ಕಡತ ತಮ್ಮ ಕಾಲದಲ್ಲಿ ತೆರೆಯದಂತೆ ನೋಡಿಕೊಳ್ಳುವ ಹೊಣೆಯೂ ಅದರೊಡನೆ ಬರುತ್ತದೆ, ಮತ್ತು ಆ ಹೊಣೆಯನ್ನು ಹೊತ್ತವರು ಮಾತ್ರ ಆ ಪ್ರೀತಿಯನ್ನು ನಿಜವಾಗಿ ಸ್ವೀಕರಿಸಿದವರು.