ಏರಿದ್ದು ಎಲ್ಲಿ, ಇಳಿದದ್ದು ಎಲ್ಲಿ?

ಮೊನ್ನೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಂದು ಸಾವಜಿ ಖಾನಾವಳಿಗೆ ಊಟಕ್ಕೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ವಯೋವೃದ್ಧರು, ಎದುರಿಗೆ ಕಾಲೇಜು ಓದುವ ಅವರ ಮೊಮ್ಮಗ. ಮಾತು ನಟಿ ಕಲ್ಪನಾಳ ಕಡೆಗೆ ಹೊರಳಿತ್ತು. "ಅಷ್ಟು ಮ್ಯಾಲ ಏರಿದಾಕಿ ಕಡೀಕ ನಾಟಕ ಕಂಪನಿಗೆ ಬಂದು ಬಿದ್ದಳಂತಲ್ಲ ಅಜ್ಜಾ" ಎಂದ ಹುಡುಗ. ಮುದುಕರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಾಟಕಕ್ಕ ಬರೂದು ಬೀಳೂದು ಹ್ಯಾಂಗ ಆಗತೈತೋ?" ಎಂದರು.

ಊಟ ಮುಗಿದರೂ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಕಲ್ಪನಾಳ ಕಥೆಯನ್ನು ನಾವೆಲ್ಲರೂ ಒಂದೇ ಬಗೆಯಲ್ಲಿ ಹೇಳುತ್ತೇವೆ. 1963ರ 'ಸಾಕು ಮಗಳು' ಮೊದಲ ಮೆಟ್ಟಿಲು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967), 'ಗೆಜ್ಜೆಪೂಜೆ' (1969), 'ಶರಪಂಜರ' (1971) ಶಿಖರ. ಮೂರು ಸಲ ರಾಜ್ಯದ ಶ್ರೇಷ್ಠ ನಟಿಯ ಪ್ರಶಸ್ತಿ. ಅಲ್ಲಿಂದ ಮುಂದೆ ಇಳಿಜಾರು. ಕೊನೆಗೆ 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನ ಬಂಗಲೆಯಲ್ಲಿ ಮರಣ. ಆಕೆಗೆ ಇನ್ನೂ 36 ತುಂಬಿರಲಿಲ್ಲ. ಆಗ ಗುಡಗೇರಿಯವರ ನಾಟಕ ಕಂಪನಿಯೊಡನೆ ನಮ್ಮ ಈ ಸೀಮೆಯಲ್ಲಿ ಬಣ್ಣ ಹಚ್ಚುತ್ತಿದ್ದಳು.

ಕಥೆಯ ಕೊನೆ ಗೊತ್ತಿರುವುದರಿಂದ ಅದಕ್ಕೆ ಒಪ್ಪುವಂತೆ ನಡುವನ್ನೂ ಅಳೆದುಬಿಡುತ್ತೇವೆ. 'ಎರಡು ಕನಸು' ಬಂದದ್ದು 1974ರಲ್ಲಿ, ಅಂದರೆ ನಾವು ಇಳಿಜಾರು ಎನ್ನುವ ಕಾಲದಲ್ಲಿ. ಗಂಡನ ಮನಸ್ಸು ಬೇರೆಲ್ಲಿಯೋ ಇದೆಯೆಂದು ಬಲ್ಲ ಹೆಂಡತಿಯಾಗಿ ಆಕೆ ಅಲ್ಲಿ ಎಷ್ಟು ತಗ್ಗಿದ ದನಿಯಲ್ಲಿ ಅಭಿನಯಿಸಿದ್ದಾಳೆ! 'ಶರಪಂಜರ'ದ ಆವೇಶಕ್ಕಿಂತ ನನಗೆ ಇದೇ ಹೆಚ್ಚಿನದು. ಆ ಆವೇಶವೇ ಮುಂದೆ ಕೆಲವು ಚಿತ್ರಗಳಲ್ಲಿ ಬರಿಯ ಚಾಳಿಯಾಯಿತು ಎಂಬುದನ್ನೂ ಒಪ್ಪುತ್ತೇನೆ. ಹಾಗಾದರೆ ಶಿಖರವೆಲ್ಲಿ, ಕಣಿವೆಯೆಲ್ಲಿ?

ಇನ್ನು ನಾಟಕದ ಮಾತು. ಸಿನಿಮಾದಿಂದ ರಂಗಭೂಮಿಗೆ ಬಂದರೆ ಇಳಿದಂತೆ ಎಂಬುದು ಮದರಾಸಿನ, ಬೆಂಗಳೂರಿನ ಸ್ಟುಡಿಯೋಗಳ ಲೆಕ್ಕ. ಕಂಪನಿಯ ತಗಡಿನ ಥೇಟರು ಊರಲ್ಲಿ ಎದ್ದಿತೆಂದರೆ ಹಬ್ಬವೆಂದು ತಿಳಿದ ಹುಬ್ಬಳ್ಳಿ ಧಾರವಾಡದ ಜನ ಈ ಲೆಕ್ಕವನ್ನು ಏಕೆ ಒಪ್ಪಬೇಕು? ಅಲ್ಲಿ ತಪ್ಪಿದರೆ ಮತ್ತೊಮ್ಮೆ ತೆಗೆಯುವ ಅನುಕೂಲವಿಲ್ಲ. ಹಿಂದಿನ ಬೆಂಚಿನವನಿಗೂ ಮಾತು ಮುಟ್ಟಬೇಕು, ಅದೂ ದಿನವೂ. ಕಲ್ಪನಾ ಇದನ್ನೆಲ್ಲ ಸಂತೋಷದಿಂದ ಸ್ವೀಕರಿಸಿದಳೆಂದು ನಾನು ಹೇಳಲಾರೆ. ಆಕೆಗೆ ದುಃಖವಿತ್ತು. ಆದರೆ ದುಃಖಪಡುವವರೆಲ್ಲ ಕೆಳಗೆ ಬಿದ್ದವರಲ್ಲ.

'ಶರಪಂಜರ'ದ ಕಾವೇರಿಯನ್ನು ನೆನೆಯಿರಿ. ಆಕೆ ಬುದ್ಧಿ ಸ್ವಸ್ಥವಾಗಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಸುತ್ತಲಿನವರು ಮಾತ್ರ ಆಕೆ ನಕ್ಕರೂ, ಸಿಟ್ಟಾದರೂ, ಸುಮ್ಮನಿದ್ದರೂ ಹುಚ್ಚಿನ ಗುರುತನ್ನೇ ಹುಡುಕುತ್ತಾರೆ. ಆ ನೋಟವೇ ಆಕೆಯನ್ನು ಮತ್ತೆ ಹುಚ್ಚಿಗೆ ತಳ್ಳುತ್ತದೆ. ತ್ರಿವೇಣಿಯವರ ಕಾದಂಬರಿಯ ಈ ಹೆಣ್ಣಿಗಾಗಿ ಥೇಟರಿನ ಕತ್ತಲೆಯಲ್ಲಿ ಕಣ್ಣೊರಸಿಕೊಂಡವರು ನಾವು. ಬೆಳಕಿಗೆ ಬಂದ ಮೇಲೆ ಕಾವೇರಿಯಾಗಿ ನಟಿಸಿದವಳನ್ನು ಹೇಗೆ ನೋಡಿದೆವು? ಆಕೆಯ ಸಿಟ್ಟಿನಲ್ಲಿ, ಸಾಲದಲ್ಲಿ, ಹೊಸ ಸೀರೆಯಲ್ಲಿ ಕೂಡ ಪತನದ ಗುರುತನ್ನೇ ಹುಡುಕಿದೆವು. ಬಹುಕಾಲ "ಪಾಪ, ಹೇಗಿದ್ದವಳು ಹೇಗಾದಳು" ಎನ್ನುತ್ತಿದ್ದವರಲ್ಲಿ ನಾನೂ ಒಬ್ಬ. ಆ 'ಪಾಪ'ದಲ್ಲಿ ಕರುಣೆ ಎಷ್ಟಿತ್ತು, ನಮಗಿಂತ ಎತ್ತರದಲ್ಲಿದ್ದವರು ನಮ್ಮ ಮಟ್ಟಕ್ಕೆ ಬಂದರೆಂಬ ಒಳಗಿನ ತೃಪ್ತಿ ಎಷ್ಟಿತ್ತು ಎಂದು ಬೇರೆ ಮಾಡಿ ನೋಡಲು ಈಗಲೂ ಅಳುಕಾಗುತ್ತದೆ.

ಖಾನಾವಳಿಯಲ್ಲಿ ಆ ಹುಡುಗ ಸುಮ್ಮನಾಗಿದ್ದ. ಕೈ ತೊಳೆಯಲು ಏಳುತ್ತ ಅಜ್ಜ ಕೇಳಿದರು: "ನಾಟಕದಾಗ ಆಕಿ ಪಾರ್ಟು ಹ್ಯಾಂಗ ಮಾಡತಿದ್ದಳು, ಅದನ್ನ ಯಾರರ ಹೇಳ್ಯಾರೇನು ನಿನಗ?"

ಹುಡುಗ ಇಲ್ಲವೆಂದು ತಲೆಯಾಡಿಸಿದ. ನಾನು ಇದುವರೆಗೆ ಕೇಳಿದ್ದು, ಓದಿದ್ದು ಎಲ್ಲವೂ ಗೋಟೂರಿನ ಆ ಕೋಣೆಯನ್ನು ಕುರಿತೇ.