ಕಾಡಿಗೆ ಹೋಗಬೇಡಿ ಅನ್ನುವವರಿಗೆ

ಡಿಸೆಂಬರ್ ಬಂತೆಂದರೆ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಒಂದೇ ಮಾತು: 'ಕಾಡಿಗೆ ಹೋಗಬೇಡಿ.' ಕರಪತ್ರದಲ್ಲಿ ಅದೇ, ಮೈಕಿನಲ್ಲಿ ಅದೇ. ಮಾತು ಸುಳ್ಳಲ್ಲ. ಉಣ್ಣೆ, ನಮ್ಮ ಕಡೆ ಉಣುಗು ಅನ್ನುತ್ತೇವೆ, ಕಚ್ಚುತ್ತದೆ. ಜ್ವರ ಬರುತ್ತದೆ. ಜೀವ ಹೋಗಬಹುದು. ನನ್ನ ಪ್ರಶ್ನೆ ಬೇರೆ. ಪಾಲಿಸಲು ಸಾಧ್ಯವೇ ಇಲ್ಲದವರಿಗೆ ಬುದ್ಧಿ ಹೇಳಿ ಕೈ ತೊಳೆದುಕೊಂಡರೆ ಹೇಳಿದವರ ಹೊಣೆ ತೀರಿತೆ?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಪತ್ತೆ ಮಾಡಿದರು. ರಷ್ಯಾ ಕಡೆಯ ಇಂಥದೇ ರೋಗವನ್ನು ವಲಸೆ ಹಕ್ಕಿಗಳು ಹೊತ್ತು ತಂದವೇನೋ ಅಂತ ಆಗ ಅನುಮಾನವೂ ಇತ್ತು. ಜನ ಇಟ್ಟ ಹೆಸರು ಮಂಗನ ಕಾಯಿಲೆ. ಪಾಪ, ಮಂಗವೂ ಇದರಿಂದ ಸಾಯುವ ಪ್ರಾಣಿಯೇ. ಅದರ ಹೆಣ ತಣ್ಣಗಾದರೆ ಮೈಮೇಲಿನ ಉಣುಗುಗಳು ಇಳಿದು ತರಗೆಲೆಯಲ್ಲಿ ಇನ್ನೊಂದು ಮೈಗಾಗಿ ಕಾಯುತ್ತವೆ. ಸತ್ತ ಮಂಗಕ್ಕೆ ಹೂವು ಏರಿಸಿ, ವಾದ್ಯ ಬಾರಿಸಿ ಮಣ್ಣು ಮಾಡುವ ಊರುಗಳಿವೆ. ಹನುಮಂತನ ವಂಶವಲ್ಲವೆ! ಕೂಲಿಯವಳ ಮಣ್ಣಿಗೆ ಅಷ್ಟು ಜನ ಸೇರುವುದಿಲ್ಲ.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇನ್ನೂ ಪೂರ್ತಿ ಬೆಳೆಯದ ಮರಿ ಉಣುಗು. ಸಾಸಿವೆ ಕಾಳಿನಷ್ಟೂ ಇರುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಕು ತರುವ ಕಾಲವೂ ಅದೇ. ಉದುರಿದ ಎಲೆ ಗುಡಿಸಿ, ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತರುವವರು ಯಾರು? ಸಣ್ಣ ಹಿಡುವಳಿಯವರೂ ಹೋಗುತ್ತಾರೆ, ಸುಳ್ಳು ಹೇಳಬಾರದು. ಆದರೆ ದೊಡ್ಡ ತೋಟದ ಯಜಮಾನರ ತಲೆಯ ಮೇಲೆ ದರಕಿನ ಹೊರೆ ಕಂಡವರಿದ್ದಾರೆಯೆ? ಹೊತ್ತ ಹೆಂಗಸನ್ನು ಕೇಳಿ ನೋಡಿ. 'ಹೋಗ್ಬ್ಯಾಡ ಅಂದ್ರೆ ಆಯ್ತಾ ತಮ್ಮಾ? ಒಲಿಗೆ ಏನ್ ಇಡ್ಲಿ? ಮನೇಲಿ ಕೂತ್ರೆ ಕೂಲಿ ಕೊಡ್ತಾರಾ?' ಇದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ.

ತಲೆ ಸಿಡಿದು ಹೋಗುವ ನೋವು, ಮೈಕೈ ನೋವು, ವಾಂತಿ, ಕೆಲವರಿಗೆ ರಕ್ತಸ್ರಾವ. ಇಳಿಯಿತು ಅಂದುಕೊಂಡ ಜ್ವರ ಒಂದೆರಡು ವಾರ ಬಿಟ್ಟು ಕೆಲವರಿಗೆ ಮತ್ತೆ ಏರುತ್ತದೆ, ಆಗ ಮಿದುಳಿಗೂ ತಗಲುತ್ತದೆ. ಕಾಯಿಲೆ ಬಿದ್ದ ನೂರರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ. ಉಣುಗು ಕಚ್ಚಿ ದನಕ್ಕೆ ಬರುವ ಥೈಲೇರಿಯ, ಬಬೇಸಿಯಗಳಿಗೆ ಚುಚ್ಚುಮದ್ದು ಉಂಟು. ಅವು ಬೇರೆ ಬಗೆಯ ರೋಗಾಣು, ಹೋಲಿಸಬಾರದು ಅಂತ ಡಾಕ್ಟರು ಹೇಳಬಹುದು. ಒಪ್ಪಿದೆ. ಲಸಿಕೆಯ ಕತೆ ಏನು? 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ಕಾಪಾಡುತ್ತಿಲ್ಲ ಎಂದಾಗಿ 2022ರಲ್ಲಿ ನಿಂತಿತು. ಅಷ್ಟು ವರ್ಷ ಅದನ್ನೇ ನಂಬಿ ತೋಳು ಕೊಟ್ಟವರು ಕಾಡಿಗೆ ಹೋಗುತ್ತಲೇ ಇದ್ದರು.

ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮುಟ್ಟಿದರೆ ಮೈಲಿಗೆ ಅನ್ನುವ ನಾಡಿನಲ್ಲಿ ಮುಟ್ಟಿದರೂ ಅಂಟದ ರೋಗ! ದರಕಿನ ರಾಶಿಯಲ್ಲಿ ಉಣುಗು ಬಂದರೂ ಬರಬಹುದು, ಹೊತ್ತವಳ ಜ್ವರ ಮಾತ್ರ ಯಜಮಾನರ ಜಗುಲಿ ಹತ್ತುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ದೇಶಕ್ಕೇ ಬೀಗ ಬಿತ್ತು, ಮರುವರ್ಷ ಜನವರಿಗೆಲ್ಲ ಲಸಿಕೆ ಬಂತು. ಅದು ವಿಮಾನದಲ್ಲಿ ಓಡಾಡುವವರಿಗೂ ಬರುವ ರೋಗ. ಇದು ಬರಿಗಾಲಿನವರ ರೋಗ. ತಮಗೆ ತಗಲದ ನೋವಿಗೆ ಜನ ಎಷ್ಟು ಹೊಣೆಗಾರರು ಎಂಬ ಪ್ರಶ್ನೆಯನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಈ ಉಣುಗಿನ ಹತ್ತಿರ ಕೇಳುವುದು ವಾಸಿ.

ದನ ಕಾಡಿಗೆ ಬಿಟ್ಟು ಉಣುಗು ಹೆಚ್ಚಿಸಿದವರು ನೀವೇ ಅಂತ ಬಡವರ ಮೇಲೆ ಹಾಕುವವರೂ ಇದ್ದಾರೆ. ಬೆಳೆದ ಉಣುಗಿಗೆ ದನದ ರಕ್ತ ಹಬ್ಬದೂಟ, ನಿಜ. ಆದರೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದದ್ದು ದನದ ಮಾತೊಂದನ್ನೇ ಅಲ್ಲ, ಮನುಷ್ಯರು ಕಾಡು ಕಡಿದು ಒಳಗೆ ನುಗ್ಗಿದ್ದನ್ನೂ. 1983ರ ಹೊತ್ತಿಗೆ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡಲು ದಟ್ಟ ಕಾಡನ್ನು ಬೋಳಿಸಿದ ಮೇಲೆ ಸಾವಿರದ ಐನೂರಕ್ಕೂ ಹೆಚ್ಚು ಮಂದಿ ಜ್ವರ ಬಿದ್ದರು. ಗೇರು ನೆಡಬೇಕೆಂದು ತೀರ್ಮಾನಿಸಿದ್ದು ದನ ಕಾಯುವ ಹುಡುಗನೆ?

ಕಾಡಿಗೆ ಹೋಗಬೇಡಿ ಅನ್ನುವವರು ಆ ಮಾತನ್ನು ದರಕು ತರಿಸುವವರಿಗೂ ಹೇಳಲಿ. ಜ್ವರದ ಕಾಲದಲ್ಲಿ ಆಳು ಕಳಿಸಬೇಡಿ, ಕಳಿಸಿದರೆ ಮಲಗಿದ ದಿನಗಳ ಕೂಲಿ ಕೊಡಿ ಅಂತ ಮೈಕಿನಲ್ಲೇ ಕೂಗಲಿ. ಈಗ ಸರ್ಕಾರ ಕೈಕಾಲಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುತ್ತದೆ. ಬೆಳಿಗ್ಗೆ ಹಚ್ಚಿಕೊಂಡು ಹೋಗುತ್ತಾಳೆ. ಬಿಸಿಲೇರಿ ಬೆವರಿಳಿಯುವಾಗ ಇನ್ನೂ ಎರಡು ಹೊರೆ ಬಾಕಿ ಇರುತ್ತದೆ.